ನೆಲಕ್ಕೆ ಒತ್ತಿದ ಕಿವಿ: ಒಂದು ಬಿಳಿ ಬಾಕ್ಸರ್ ನಾಯಿಯ ಪ್ರಕರಣ

ನಾಯಿಯನ್ನು ಬೇರೆ ಮನೆಗೆ ಕೊಟ್ಟುಬಿಡೋಣವೇ ಎಂದು ಕೇಳಲು ಒಂದು ಕುಟುಂಬ ಬಂದಿತ್ತು. ಅಪ್ಪ, ಅಮ್ಮ, ಎಂಟು ವರ್ಷದ ಮಗ, ಅಜ್ಜಿ. ನಾಯಿ ಬಿಳಿ ಬಾಕ್ಸರ್, ಹೆಣ್ಣು, ವಯಸ್ಸು ಒಂದೂವರೆ ವರ್ಷ. ಎಡಗಣ್ಣಿನಿಂದ ಎಡಗಿವಿಯವರೆಗೆ ಕಂದು ಬಣ್ಣದ ಮೇಲೆ ಕಪ್ಪು ಗೆರೆಗಳಿರುವ ಒಂದು ಮಚ್ಚೆ. ಅದರಿಂದಲೇ ಅವಳಿಗೆ ಚುಕ್ಕಿ ಅಂತ ಹೆಸರಿಟ್ಟಿದ್ದರು.

ನಡೆದದ್ದು ಇಷ್ಟು. ಚುಕ್ಕಿ ಹಜಾರದಲ್ಲಿ ಮಲಗಿದ್ದಳು. ಹುಡುಗ ಶಾಲೆಯಿಂದ ಬಂದವನೇ ಅವಳ ಹೆಸರು ಕೂಗುತ್ತಾ ಓಡಿ ಬಂದು ಬೆನ್ನ ಮೇಲೆ ಕೈ ಹಾಕಿದ. ಅವಳು ದಿಗ್ಗನೆ ಎದ್ದು ತಿರುಗಿ ಬಾಯಿ ಹಾಕಿದಳು. ಗಾಳಿಯಲ್ಲಿ ಹಲ್ಲು ಕಟ್ ಅಂದ ಸದ್ದು ಒಳಗಿದ್ದ ಅಮ್ಮನಿಗೂ ಕೇಳಿಸಿತು. ಹುಡುಗನಿಗೆ ಏನೂ ಆಗಲಿಲ್ಲ. ಮರುಕ್ಷಣ ಚುಕ್ಕಿ ಕಿವಿ ಹಿಂದಕ್ಕೆ ಮಾಡಿ, ಮೈ ಬಗ್ಗಿಸಿ, ಬಾಲವೂ ಮೂತಿಯೂ ಒಂದೇ ಕಡೆ ಬರುವ ಹಾಗೆ ತಿರುಚಿಕೊಂಡು ಅವನ ಕೈ ನೆಕ್ಕಿದಳು. ಬಾಕ್ಸರ್ ಸಾಕಿದವರಿಗೆ ಈ ಕುಣಿತ ಗೊತ್ತು. ಖುಷಿಗೂ ಹೀಗೇ ಮಾಡುತ್ತವೆ, ಗಾಬರಿಯಾದಾಗ ಸಮಾಧಾನ ಮಾಡುವುದಕ್ಕೂ ಹೀಗೇ.

ಒಂದು ತಿಂಗಳಲ್ಲಿ ಇದು ಎರಡನೇ ಸಲ. ಮೊದಲ ಸಲ ಅಜ್ಜಿ ಅವಳ ಹಾಸಿಗೆ ಸರಿಪಡಿಸಲು ಬಗ್ಗಿದ್ದರು. ಅಷ್ಟರಲ್ಲಿ ನೆಂಟರು ತೀರ್ಪು ಕೊಟ್ಟೂ ಆಗಿತ್ತು. ಬಿಳಿ ಬಾಕ್ಸರ್‌ಗಳ ತಲೆ ಸರಿ ಇರುವುದಿಲ್ಲ, ಒಂದು ದಿನ ಮಗುವನ್ನು ಕಚ್ಚುತ್ತೆ ನೋಡಿ, ಅಂತ. ಈ ಮಾತು ಸುಳ್ಳು. ಬಣ್ಣಕ್ಕೂ ಸ್ವಭಾವಕ್ಕೂ ಸಂಬಂಧವಿಲ್ಲ. ಒಂದೇ ಸೂಲಿನ ಬಿಳಿ ಮರಿಯೂ ಕಂದು ಮರಿಯೂ ಅದೇ ತಾಯಿ ತಂದೆಯ ಮಕ್ಕಳು. ಆದರೆ ಈ ಮನೆಯವರ ಭಯ ಸುಳ್ಳಾಗಿರಲಿಲ್ಲ. ಮೂವತ್ತು ಕೆಜಿಗೆ ಹತ್ತಿರವಿರುವ ನಾಯಿ, ಮನೆಯಲ್ಲಿ ಸಣ್ಣ ಹುಡುಗ. ಸುಮ್ನೆ ಸಮಾಧಾನ ಹೇಳಿ ಕಳಿಸುವ ವಿಷಯವಲ್ಲ.

ಮನೆಗಳಲ್ಲಿ ನಾಯಿಗಳ ನಡವಳಿಕೆ ಸರಿಪಡಿಸುವುದೇ ನನ್ನ ಕೆಲಸ. ಚುಕ್ಕಿಯ ಕತೆಯನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಬಿಳಿ ಬಾಕ್ಸರ್ ತರಬೇಕಾ ಬೇಡವಾ ಎಂದು ಕೇಳುವವರು ಬಣ್ಣದ ಬಗ್ಗೆ ಕೇಳುತ್ತಾರೆ, ಆಯಸ್ಸಿನ ಬಗ್ಗೆ ಕೇಳುತ್ತಾರೆ. ಕಿವಿಯ ಬಗ್ಗೆ ಕೇಳಿದರೂ ಅರ್ಧ ಕೇಳುತ್ತಾರೆ. ಕೇಳಿಸುತ್ತಾ ಇಲ್ವಾ, ಅಷ್ಟೇ. ಎರಡೂ ಕಿವಿ ಕೇಳಿಸುತ್ತಾ ಅನ್ನುವುದು ಬೇರೆಯೇ ಪ್ರಶ್ನೆ. ಈ ಮನೆಯ ಕಷ್ಟವೆಲ್ಲ ಅದರೊಳಗಿತ್ತು.

ಆರಿಸಿದ ದಿನ

ಮೊದಲು ಮರಿ ತಂದ ದಿನದಿಂದ ಹೇಳಿ ಅಂತ ಕೇಳಿದೆ. ಸೂಲಿನಲ್ಲಿ ಎಂಟು ಮರಿ, ಅದರಲ್ಲಿ ಎರಡು ಬಿಳಿ. ತಾಯಿ ಫಾನ್ ಬಣ್ಣ, ಅಂದರೆ ತಿಳಿಕಂದು. ತಂದೆ ಬ್ರಿಂಡಲ್, ಕಂದು ಮೇಲೆ ಕಪ್ಪು ಪಟ್ಟೆ. ಇಬ್ಬರಿಗೂ ಎದೆ, ಪಾದ, ಮೂತಿಯ ಮೇಲೆ ಚೆನ್ನಾಗಿ ಬಿಳಿ ಇತ್ತು. ಇಂಥ ಬಾಕ್ಸರ್‌ಗಳನ್ನು ಸಾಕುವವರು ಫ್ಲ್ಯಾಶಿ ಅನ್ನುತ್ತಾರೆ. ಪ್ರದರ್ಶನಗಳಲ್ಲಿ ಬೇಡಿಕೆ ಇರುವುದೂ ಇವಕ್ಕೇ.

ಮನೆಯವರು ಹೋದದ್ದು ಫಾನ್ ಮರಿ ನೋಡಲು. ಬಿಳಿ ಮರಿಗಳನ್ನು ಬ್ರೀಡರ್ ಪಕ್ಕದ ಕೋಣೆಯಲ್ಲಿ ಇಟ್ಟಿದ್ದರು. ಹುಡುಗ ಅಲ್ಲಿಗೆ ಹೋದ. ಮಚ್ಚೆಯ ಮರಿ ಅವನ ಶೂ ಲೇಸ್ ಹಿಡಿದು ಎಳೆಯಿತು. ಆಮೇಲೆ ಫಾನ್ ಮರಿಯ ಮಾತು ಯಾರೂ ಎತ್ತಲಿಲ್ಲ.

ಬ್ರೀಡರ್ ಹೇಳಿದ್ದು ಮೂರು ಮಾತು. ಇದು ಆಲ್ಬಿನೋ, ಅದಕ್ಕೇ ಕಡಿಮೆಗೆ ಕೊಡುತ್ತೇನೆ. ಬಿಳಿಯವು ಕೆಲವು ಕಿವುಡಾಗಿರುತ್ತವೆ, ಆದರೆ ಇದರ ಕಿವಿಯ ಮೇಲೆ ಬಣ್ಣ ಇದೆ, ಏನೂ ಭಯವಿಲ್ಲ. ಇದರಿಂದ ಮರಿ ಮಾಡಿಸಬೇಡಿ. ಮೂರನೆಯ ಮಾತು ಸರಿ. ಮೊದಲನೆಯದು ತಪ್ಪು. ಎರಡನೆಯದು ಅಪಾಯಕಾರಿ ಅರ್ಧಸತ್ಯ.

ಅಪ್ಪ ಬುದ್ಧಿವಂತಿಕೆಯಿಂದಲೇ ಒಂದು ಪರೀಕ್ಷೆ ಮಾಡಿದ್ದರು. ಮರಿಯ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಮರಿ ತಿರುಗಿ ನೋಡಿತು. ಕೇಳಿಸುತ್ತೆ ಅಂತ ನಿಶ್ಚಯವಾಯಿತು. ನೂರಕ್ಕೆ ತೊಂಬತ್ತು ಜನ ಮಾಡುವುದು ಇದನ್ನೇ. ಇದರಲ್ಲಿ ಎರಡು ತೊಡಕಿದೆ. ಪೂರ್ತಿ ಕಿವುಡಾದ ಮರಿಯೂ ಚಪ್ಪಾಳೆಗೆ ತಿರುಗಬಹುದು. ಗಾಳಿಯ ಅಲುಗಾಟ, ನೆಲದ ಅದುರು, ಮೂಲೆಗಣ್ಣಿಗೆ ಬಿದ್ದ ನೆರಳು, ಪಕ್ಕದ ಮರಿ ತಿರುಗಿದ್ದು, ಇಷ್ಟೇ ಸಾಕು. ಇನ್ನು ಒಂದು ಕಿವಿ ಮಾತ್ರ ಕೇಳುವ ಮರಿಯಂತೂ ಈ ಪರೀಕ್ಷೆಯಲ್ಲಿ ಯಾವಾಗಲೂ ಪಾಸು. ಅದಕ್ಕೆ ಸದ್ದು ಕೇಳಿಸಿಯೇ ಕೇಳಿಸುತ್ತದೆ.

ಈ ಮನೆಯವರು ಚೆನ್ನಾಗಿ ಮಾಡಿದ ಕೆಲಸವನ್ನೂ ಹೇಳಬೇಕು. ತಾಯಿ ನಾಯಿಯ ಜೊತೆ ಕೂತು ಅದರ ಸ್ವಭಾವ ನೋಡಿದ್ದರು. ತಂದೆ ತಾಯಿ ಇಬ್ಬರ ಹೃದಯ ಪರೀಕ್ಷೆಯ ಕಾಗದ ಕೇಳಿ ಓದಿದ್ದರು. ಬಾಕ್ಸರ್ ತರುವವರು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಕಾಗದ ಅದು. ಬಣ್ಣ ಯಾವುದೇ ಇರಲಿ.

ಬಿಳಿ ಎಲ್ಲಿಂದ ಬರುತ್ತದೆ

ಚುಕ್ಕಿ ಆಲ್ಬಿನೋ ಅಲ್ಲ. ಆಲ್ಬಿನೋ ಪ್ರಾಣಿಯಲ್ಲಿ ಬಣ್ಣದ ಕೋಶಗಳು ಇರುತ್ತವೆ, ಬಣ್ಣ ತಯಾರಾಗುವುದಿಲ್ಲ. ಚುಕ್ಕಿಯ ಕಣ್ಣು ಕಡುಕಂದು, ಮೂಗು ಬಹುಪಾಲು ಕಪ್ಪು, ಮಚ್ಚೆಯಲ್ಲಿ ಬಣ್ಣ ಸರಿಯಾಗಿದೆ. ಅವಳ ಮೈಯ ಮಿಕ್ಕ ಭಾಗಕ್ಕೆ ಬಣ್ಣದ ಕೋಶಗಳೇ ಹೋಗಿ ತಲುಪಿಲ್ಲ.

ಭ್ರೂಣದಲ್ಲಿ ಈ ಕೋಶಗಳು ಬೆನ್ನಿನ ಸಾಲಿನಿಂದ ಹೊರಟು ಮೈಯೆಲ್ಲ ಹರಡುತ್ತವೆ. ಎದೆ, ಪಾದ, ಬಾಲದ ತುದಿ, ಮೂತಿ ದೂರದ ಜಾಗಗಳು. ಕೋಶಗಳು ಕಡಿಮೆ ಬಿದ್ದರೆ ಮೊದಲು ಬಿಳಿಯಾಗಿ ಉಳಿಯುವುದು ಇವೇ. ಬಾಕ್ಸರ್‌ನಲ್ಲಿ ಇದನ್ನು ನಡೆಸುವ ಜೀನ್‌ನ ಹೆಸರು ಎಂಐಟಿಎಫ್. ಬಿಳಿಯ ರೂಪ ಒಂದು ಪ್ರತಿ ಇದ್ದರೆ ಎದೆ, ಪಾದ ಬಿಳಿ, ಅಂದರೆ ಫ್ಲ್ಯಾಶಿ. ಎರಡು ಪ್ರತಿ ಇದ್ದರೆ ನಾಯಿ ಪೂರ್ತಿ ಅಥವಾ ಹೆಚ್ಚೂಕಡಿಮೆ ಪೂರ್ತಿ ಬಿಳಿ. ಒಂದೂ ಇಲ್ಲದಿದ್ದರೆ ಮೈತುಂಬ ಬಣ್ಣ. ಹಾಗಾಗಿ ಫ್ಲ್ಯಾಶಿಗೆ ಫ್ಲ್ಯಾಶಿ ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ಬಿಳಿ ಹುಟ್ಟುತ್ತದೆ. ಚುಕ್ಕಿಯ ಸೂಲಿನಲ್ಲಿ ಎಂಟಕ್ಕೆ ಎರಡು, ಲೆಕ್ಕ ಸರಿಯಾಗಿಯೇ ಬಿದ್ದಿತ್ತು. ಬಿಳಿ ಬಾಕ್ಸರ್ ಅಪರೂಪ ಎಂದು ಜಾಸ್ತಿ ದುಡ್ಡು ಕೇಳುವವರಿದ್ದಾರೆ. ದೋಷದ ಮರಿ ಎಂದು ಮೂಲೆಗೆ ತಳ್ಳುವವರೂ ಇದ್ದಾರೆ. ಎರಡೂ ತಪ್ಪು. ಎಲ್ಲರೂ ಮೆಚ್ಚುವ ಆ ಬಿಳಿ ಪಾದದ ನಾಯಿಗಳು ಬೇಕು ಅಂದರೆ ಬಿಳಿ ಮರಿಗಳೂ ಜೊತೆಗೇ ಬರುತ್ತವೆ.

ಈ ತಳಿಯ ಬುಡದಲ್ಲೇ ಬಿಳಿ ಇದೆ. 1895ರ ಸುಮಾರಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಬಾಕ್ಸರ್ ಕ್ಲಬ್ ಶುರುವಾದಾಗ ಮೂಲ ನಾಯಿಗಳಲ್ಲಿ ಇಂಗ್ಲಿಷ್ ಬುಲ್‌ಡಾಗ್‌ನ ರಕ್ತ ಸೇರಿತ್ತು. ಇಂದಿನ ಬಾಕ್ಸರ್‌ಗಳ ಮೂಲತಾಯಿ ಎಂದು ಹೇಳುವ ಮೇಟಾ ಫೋನ್ ಡೆರ್ ಪಾಸಾಜ್ ಹೆಚ್ಚೂಕಡಿಮೆ ಬಿಳಿಯ ನಾಯಿಯೇ, ಮೈಮೇಲೆ ಅಲ್ಲಲ್ಲಿ ಮಚ್ಚೆ. ಬಿಳಿಯನ್ನು ಹೊರಗಿಟ್ಟದ್ದು ಆಮೇಲೆ. ಪೊಲೀಸ್ ಕೆಲಸಕ್ಕೆ ರಾತ್ರಿ ಎದ್ದು ಕಾಣುವ ನಾಯಿ ಬೇಡ ಅನ್ನುವುದು ಅದಕ್ಕೆ ಕೊಡುವ ಒಂದು ಕಾರಣ. ಈಗಲೂ ತಳಿಯ ಮಾನದಂಡದಲ್ಲಿ ಮೈಯ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಬಿಳಿ ಇರುವಂತಿಲ್ಲ. ಇದರ ಹೆಸರಿನಲ್ಲಿ ಬಹಳ ಕಾಲ ಬಿಳಿ ಮರಿಗಳನ್ನು ಹುಟ್ಟಿದೊಡನೆ ಕೊಂದರು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಪ್ರದರ್ಶನದ ನಿಯಮಕ್ಕೆ ಹೊಂದದ ಮರಿ ಬದುಕಲು ಲಾಯಕ್ಕಿಲ್ಲ ಅಂತ ಅಲ್ಲವಲ್ಲ.

ಕಿವಿಯ ವಿಷಯ ಇಲ್ಲೇ ಬರುತ್ತದೆ. ಬಣ್ಣದ ಕೋಶಗಳು ಒಳಗಿವಿಗೂ ಹೋಗಬೇಕು. ಅಲ್ಲಿ ಅವುಗಳ ಕೆಲಸ ಬಣ್ಣ ಕೊಡುವುದಲ್ಲ. ಒಳಗಿವಿಯ ದ್ರವದ ಲವಣಾಂಶವನ್ನು ಸರಿಯಾಗಿ ಇಡಲು ಅವು ಬೇಕು. ಅವು ಇಲ್ಲದಿದ್ದರೆ ಸದ್ದನ್ನು ಹಿಡಿಯುವ ಕೂದಲುಕೋಶಗಳು ಹುಟ್ಟಿದ ಮೂರು ನಾಲ್ಕು ವಾರದೊಳಗೆ ಸತ್ತುಹೋಗುತ್ತವೆ, ಮತ್ತೆ ಬರುವುದಿಲ್ಲ. ಎರಡು ಕಿವಿಗೂ ಹೀಗಾಗಬಹುದು, ಒಂದಕ್ಕೆ ಮಾತ್ರವೂ ಆಗಬಹುದು. ಬಿಳಿ ಬಾಕ್ಸರ್‌ಗಳಲ್ಲಿ ಒಂದು ಅಥವಾ ಎರಡೂ ಕಿವಿ ಕೇಳದವು ನೂರರಲ್ಲಿ ಸುಮಾರು 18 ಎಂದು ಲೆಕ್ಕ. ಅಂದರೆ ಹೆಚ್ಚಿನವಕ್ಕೆ ಎರಡೂ ಕಿವಿ ಕೇಳುತ್ತವೆ. ಕಿವಿಯ ಹೊರಗೆ ಮಚ್ಚೆ ಇದ್ದ ಮಾತ್ರಕ್ಕೆ ಒಳಗೆ ಕೋಶ ಇದೆ ಎಂದು ಖಾತ್ರಿ ಹೇಳಲಾಗದು. ಅದು ಒಳ್ಳೆಯ ಸೂಚನೆ ಆಗಬಹುದು, ಪರೀಕ್ಷೆಯ ಬದಲಿಗೆ ಬರುವ ವಸ್ತು ಅಲ್ಲ.

ವಿಡಿಯೋದಲ್ಲಿ ಕಂಡದ್ದು

ಮಲಗಿದ ನಾಯಿ ಮುಟ್ಟಿದಾಗ ಬಾಯಿ ಹಾಕಿದರೆ ಮೊದಲು ನೋವು ಇದೆಯಾ ನೋಡಬೇಕು. ವೆಟ್, ಅಂದರೆ ಪಶುವೈದ್ಯರ ಬಳಿ ಕಳಿಸಿದೆ. ಹಲ್ಲು, ಕೀಲು, ಬೆನ್ನು, ಥೈರಾಯ್ಡ್ ನೋಡಿದರು. ಕಣ್ಣಿಗೆ ಹಸಿರು ಬಣ್ಣದ ದ್ರವ ಹಾಕಿ ಹುಣ್ಣು ಇದೆಯಾ ಅಂತಲೂ ನೋಡಿದರು. ಬಾಕ್ಸರ್‌ಗಳಿಗೆ ಕಣ್ಣಿನ ಕರಿಗುಡ್ಡೆಯ ಮೇಲೆ ಬೇಗ ವಾಸಿಯಾಗದ ಹುಣ್ಣು ಆಗುತ್ತದೆ, ಸುಲಭಕ್ಕೆ ಕಾಣುವುದಿಲ್ಲ. ಎಲ್ಲವೂ ಸರಿ ಇತ್ತು.

ಆಮೇಲೆ ಹಜಾರದ ಮೂಲೆಯಲ್ಲಿ ಫೋನ್ ಇಟ್ಟು ಚುಕ್ಕಿ ಮಲಗುವ ಹೊತ್ತನ್ನು ಕೆಲವು ದಿನ ರೆಕಾರ್ಡ್ ಮಾಡಲು ಹೇಳಿದೆ. ಆ ವಿಡಿಯೋಗಳನ್ನು ಮನೆಯವರ ಜೊತೆ ಕೂತು ನೋಡಿದೆವು. ಒಂದರಲ್ಲಿ ಚುಕ್ಕಿ ಎಡಮಗ್ಗುಲಾಗಿ ಮಲಗಿದ್ದಾಳೆ. ಹೊರಗೆ ಗೇಟು ಕಿರ್ ಅನ್ನುತ್ತದೆ. ಕಣ್ಣು ಬಿಡುವ ಮುಂಚೆಯೇ ಮೇಲಿದ್ದ ಬಲಗಿವಿ ಎದ್ದು ನಿಲ್ಲುತ್ತದೆ. ತಲೆ ಎತ್ತುತ್ತಾಳೆ. ಇನ್ನೊಂದರಲ್ಲಿ ಬಲಮಗ್ಗುಲು. ಅದೇ ಗೇಟು, ಅದೇ ಸದ್ದು. ಕಿವಿಯ ತುದಿಯೂ ಅಲುಗುವುದಿಲ್ಲ. ಕಾಲಿಂಗ್ ಬೆಲ್ ಹೊಡೆಯುತ್ತದೆ. ಏನೂ ಇಲ್ಲ. ಹೊಟ್ಟೆ ಏರಿ ಇಳಿಯುತ್ತಿದೆ, ನಿದ್ದೆ. ಅಮ್ಮ ಎರಡು ವಿಡಿಯೋಗಳನ್ನೂ ಮತ್ತೆ ಹಾಕಿಸಿ ನೋಡಿದರು. ಹುಡುಗ ಬೆನ್ನ ಮೇಲೆ ಕೈ ಹಾಕಿದ ದಿನ ಅವಳು ಯಾವ ಕಡೆ ಮಲಗಿದ್ದಳು ಅಂತ ಕೇಳಿದೆ. ಗೋಡೆ ಕಡೆ ಮುಖ ಮಾಡಿದ್ದಳು, ಮಚ್ಚೆಯ ಕಿವಿ ಮೇಲಿತ್ತು ಅಂದ ಹುಡುಗ. ಅಜ್ಜಿಗೂ ಹಾಗೇ ನೆನಪಿತ್ತು.

ಮಚ್ಚೆ ಇದ್ದ ಎಡಗಿವಿಯೇ ಕೇಳದ ಕಿವಿ. ಕೇಳುವ ಬಲಗಿವಿ ನೆಲಕ್ಕೆ ಒತ್ತಿಕೊಂಡಾಗ ಚುಕ್ಕಿ ಹೆಚ್ಚೂಕಡಿಮೆ ಪೂರ್ತಿ ಕಿವುಡಿ. ಹುಡುಗ ಹೆಸರು ಕೂಗುತ್ತಲೇ ಬಂದಿದ್ದ, ಆದರೆ ಅವಳ ಪಾಲಿಗೆ ಗಾಢ ನಿದ್ದೆಯಲ್ಲಿ ಎಲ್ಲಿಂದಲೋ ಒಂದು ಕೈ ಬೆನ್ನಿಗೆ ಬಿತ್ತು. ಅವಳು ಮಾಡಿದ್ದು ಬೆಚ್ಚಿಬಿದ್ದ ಪ್ರಾಣಿ ಮಾಡುವ ಕೆಲಸ. ಕಚ್ಚಬೇಕೆಂದಿದ್ದರೆ ಬಾಕ್ಸರ್‌ಗೆ ಆ ದೂರದಲ್ಲಿ ಗುರಿ ತಪ್ಪುವುದಿಲ್ಲ.

ಅಂದಾಜು ಸಾಲದು ಅಂತ ಬೇರ್ (BAER) ಎನ್ನುವ ಕಿವಿಯ ಪರೀಕ್ಷೆ ಮಾಡಿಸಿದರು. ನೆತ್ತಿಯ ಮೇಲೆ ಮತ್ತು ಕಿವಿಗಳ ಬಳಿ ಚರ್ಮದಡಿ ಸಣ್ಣ ಸೂಜಿಗಳನ್ನು ಇಡುತ್ತಾರೆ. ಒಂದೊಂದೇ ಕಿವಿಗೆ ಕ್ಲಿಕ್ ಕ್ಲಿಕ್ ಸದ್ದು ಕೊಡುತ್ತಾರೆ. ಕಿವಿಯಿಂದ ಮಿದುಳಿನ ಬುಡದವರೆಗೆ ಸಂಕೇತ ಹೋಗುವುದು ತೆರೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಬಲಗಿವಿಯ ಗೆರೆಯಲ್ಲಿ ಮೊದಲ 10 ಮಿಲಿಸೆಕೆಂಡಿನೊಳಗೆ ಏರಿಳಿತಗಳು ಸರಿಯಾಗಿ ಬಂದವು. ಎಡಗಿವಿಯದು ಉದ್ದಕ್ಕೂ ಚಪ್ಪಟೆ. ನಾಯಿ ಸುಮ್ಮನಿದ್ದರೆ ಕೆಲವೇ ನಿಮಿಷದ ಕೆಲಸ. ಮರಿಗೆ ಐದಾರು ವಾರ ತುಂಬಿದ ಮೇಲೆ ಯಾವಾಗ ಬೇಕಾದರೂ ಮಾಡಿಸಬಹುದು. ಮರಿ ಮಾರುವ ಮುಂಚೆಯೇ ಬ್ರೀಡರ್ ಮಾಡಿಸಬೇಕಿತ್ತು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ವರದಿ ಬಂದ ಮೇಲೆ ಹಳೆಯ ಎಷ್ಟೋ ಸಂಗತಿಗಳಿಗೆ ಅರ್ಥ ಸಿಕ್ಕಿತು. ಮೈದಾನದಲ್ಲಿ ಕರೆದರೆ ಚುಕ್ಕಿ ಎದುರು ದಿಕ್ಕಿಗೆ ಓಡುತ್ತಿದ್ದಳು. ಹಠಮಾರಿ, ಬೇಕಂತಲೇ ಮಾಡುತ್ತಾಳೆ ಅಂತ ಅಪ್ಪ ಗದರುತ್ತಿದ್ದರು. ಸದ್ದು ಯಾವ ಕಡೆಯಿಂದ ಬಂತು ಅಂತ ತಿಳಿಯಲು ಎರಡು ಕಿವಿಗೆ ಬಂದ ಸದ್ದನ್ನು ಮಿದುಳು ಹೋಲಿಸಿ ನೋಡಬೇಕು. ಒಂದೇ ಕಿವಿ ಇದ್ದರೆ ಕರೆದದ್ದು ಗೊತ್ತಾಗುತ್ತದೆ, ಎಲ್ಲಿಂದ ಕರೆದರು ಎಂದು ಗೊತ್ತಾಗುವುದಿಲ್ಲ. ಅವಳು ಕರೆದ ಕೂಡಲೇ ಓಡುತ್ತಿದ್ದಳು, ಪಾಪ. ದಿಕ್ಕು ಮಾತ್ರ ಊಹೆ. ಓಡಿ ಬಂದದ್ದಕ್ಕೆ ಬೈಸಿಕೊಳ್ಳುತ್ತಿದ್ದಳು. ಅಪ್ಪ ಇದನ್ನು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ.

ಮನೆಯಲ್ಲಿ ಬದಲಾದದ್ದು

ಒಂದು ಕಿವಿ ಕೇಳದ ನಾಯಿಯನ್ನು ಮನೆಯಿಂದ ಕಳಿಸುವ ಅಗತ್ಯವೇ ಇಲ್ಲ. ಎರಡೂ ಕೇಳದ ನಾಯಿಗಳೂ ಕೈಸನ್ನೆಯಿಂದ ಚೆನ್ನಾಗಿ ಕಲಿಯುತ್ತವೆ. ಅದಕ್ಕೆ ತಕ್ಕ ಹಾಗೆ ಮನೆ ಸಿದ್ಧವಾಗಿರಬೇಕು ಅಷ್ಟೇ. ಇಲ್ಲಿ ಮೊದಲ ನಿಯಮ ಹುಡುಗನಿಗೆ. ಮಲಗಿದ ಚುಕ್ಕಿಯನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಬೇಕಾದರೆ ಮುಂದೆ ಬಂದು ನಿಂತು, ಅವಳೇ ಕಣ್ಣು ಬಿಡುವ ತನಕ ಕಾಯಬೇಕು. ಕಿವಿ ಸರಿ ಇರುವ ನಾಯಿಗೂ ಈ ನಿಯಮ ಬೇಕು. ಆದರೆ ಮಕ್ಕಳು ಒಂದು ದಿನ ಮರೆಯುತ್ತಾರೆ, ನಿಯಮವೊಂದನ್ನೇ ನಂಬಿ ಕೂರುವಂತಿಲ್ಲ. ಹಾಗಾಗಿ ಹಾಸಿಗೆಯನ್ನು ಹಜಾರದ ನಡುವಿನಿಂದ ಎತ್ತಿ ಗೋಡೆಯ ಮೂಲೆಗೆ ಹಾಕಿಸಿದೆ. ಬೆನ್ನ ಹಿಂದೆ ಗೋಡೆ, ಹಿಂದಿನಿಂದ ಯಾರೂ ಬರಲು ಜಾಗವಿಲ್ಲ. ಮುಂದೆ ಒಂದು ತಗ್ಗು ಬೇಲಿ. ಮೊದಲ ಕೆಲವು ವಾರ ದೊಡ್ಡವರು ಇಲ್ಲದಾಗ ಅದು ಮುಚ್ಚಿಯೇ ಇರುತ್ತಿತ್ತು.

ಜೊತೆಗೆ ಮುಟ್ಟಿ ಎಬ್ಬಿಸುವುದನ್ನು ಚುಕ್ಕಿಗೆ ಒಳ್ಳೆಯ ಸುದ್ದಿಯನ್ನಾಗಿ ಮಾಡಬೇಕಿತ್ತು. ಇದನ್ನು ದೊಡ್ಡವರು ಮಾತ್ರ ಮಾಡಿದರು. ಎಚ್ಚರವಿದ್ದಾಗ ಭುಜದ ಮೇಲೆ ಎರಡು ಬೆರಳಿಟ್ಟು ಕೂಡಲೇ ಬಾಯಿಗೆ ಒಂದು ತುಂಡು ತಿಂಡಿ. ಯಾವಾಗಲೂ ಅದೇ ಭುಜ, ಅದೇ ಜಾಗ. ಇದು ಅಭ್ಯಾಸವಾದ ಮೇಲೆ ಅವಳು ತೂಕಡಿಸುವಾಗ. ಅದಕ್ಕೂ ಆಮೇಲೆ ನಿದ್ದೆಯಲ್ಲಿ, ಮೊದಲು ಮೂಗಿನ ಹತ್ತಿರ ತಿಂಡಿ ಹಿಡಿದು ವಾಸನೆ ಹೋಗಲು ಬಿಟ್ಟು, ಆಮೇಲೆ ಬೆರಳು. ಬಾಕ್ಸರ್‌ಗಳು ಹೊಟ್ಟೆಬಾಕರು, ಇಲ್ಲಿ ಅದು ಉಪಕಾರಕ್ಕೆ ಬಂತು. ಒಂದೆರಡು ತಿಂಗಳಲ್ಲಿ ಭುಜಕ್ಕೆ ಬೆರಳು ತಾಗಿದರೆ ಕಣ್ಣು ಬಿಡುವ ಮುಂಚೆಯೇ ನಾಲಗೆ ಹೊರಗೆ ಬರುತ್ತಿತ್ತು. ಅವಳು ಮತ್ತೆ ಯಾರ ಮೇಲೂ ಬಾಯಿ ಹಾಕಿಲ್ಲ. ನೆಲ ತುಳಿದು ಎಬ್ಬಿಸುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಮರದ ನೆಲವಾದರೆ ಅದುರು ಹೋಗುತ್ತದೆ. ಇವರದು ಕಲ್ಲಿನ ನೆಲ, ಏನೂ ಪ್ರಯೋಜನವಾಗಲಿಲ್ಲ.

ಹೊರಗೆ ಕರೆಯುವುದನ್ನು ಹೊಸದಾಗಿ ಕಲಿಸಿದೆವು. ಹೆಸರು ಕೇಳಿದರೆ ಓಡುವುದಲ್ಲ, ಮೊದಲು ಸುತ್ತ ಕಣ್ಣಾಡಿಸುವುದು. ಕರೆದವರು ನಿಂತಲ್ಲೇ ನಿಂತು ಒಂದು ಕೈ ಪೂರ್ತಿ ಮೇಲೆತ್ತಬೇಕು. ಕೈ ಕಂಡ ಮೇಲೆ ಓಟ, ಬಂದ ಮೇಲೆ ತಿಂಡಿ. ಕರೆಯುತ್ತಾ ನಡೆದರೆ ಅವಳಿಗೆ ಗೊಂದಲ. ಉದ್ದದ ಹಗ್ಗ ಕಟ್ಟಿಯೇ ಇದೆಲ್ಲ ನಡೆದದ್ದು. ಕೈ ಎತ್ತಿದ್ದು ಕತ್ತಲಲ್ಲಿ ಕಾಣುವುದಿಲ್ಲ ಅಂತ ಸಂಜೆಗೆ ಸಣ್ಣ ಟಾರ್ಚ್. ವಾಹನ ಓಡಾಡುವ ಕಡೆ ಲೀಶ್ ಬಿಡುವ ಮಾತೇ ಇಲ್ಲ. ಬರುವ ಗಾಡಿಯ ದಿಕ್ಕು ಅವಳಿಗೆ ಗೊತ್ತಾಗುವುದಿಲ್ಲ. ನಡೆಸುವವರು ಈಗ ಅವಳನ್ನು ತಮ್ಮ ಬಲಕ್ಕೆ ಇಟ್ಟುಕೊಳ್ಳುತ್ತಾರೆ. ಕೇಳದ ಎಡಗಿವಿ ಮನುಷ್ಯರ ಕಡೆ, ಕೇಳುವ ಬಲಗಿವಿ ಹೊರಗಿನ ಕಡೆ. ಇಂಥ ನಾಯಿಗೆ ಯಾರಾದರೂ ಶಾಕ್ ಕಾಲರ್ ಸೂಚಿಸಿದರೆ ಅವರ ಮಾತು ಕೇಳಬೇಡಿ. ದಿಕ್ಕು ತಿಳಿಯದೆ ಗೊಂದಲದಲ್ಲಿರುವ ಪ್ರಾಣಿಗೆ ನೋವು ಕೊಟ್ಟರೆ ಭಯವೊಂದು ಹೊಸದಾಗಿ ಸೇರುತ್ತದೆ, ಬೇರೇನೂ ಆಗುವುದಿಲ್ಲ.

ಚರ್ಮ, ಸೆಕೆ, ಗಂಟು

ಕಿವಿಯ ಮಾತು ಮುಗಿದ ಮೇಲೆ ಚುಕ್ಕಿಯ ಹೊಟ್ಟೆ ನೋಡಿದೆ. ಬಿಸಿಲಲ್ಲಿ ಅಂಗಾತ ಬಿದ್ದುಕೊಳ್ಳುವುದು ಅವಳ ದೊಡ್ಡ ಸುಖ. ಹೊಟ್ಟೆ, ತೊಡೆಯ ಒಳಭಾಗ ಗುಲಾಬಿ, ಕೂದಲು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಲ್ಲಿ ಸಣ್ಣ ಕಪ್ಪು ಚುಕ್ಕೆಗಳಿದ್ದವು. ಮನೆಯವರಿಗೆ ಭಯವಿದ್ದದ್ದು ಅವುಗಳ ಬಗ್ಗೆ. ಅವು ಚರ್ಮದ ಬಣ್ಣ, ಬಿಳಿ ಬಾಕ್ಸರ್‌ಗಳಲ್ಲಿ ಸಾಮಾನ್ಯ. ನನ್ನ ಕಣ್ಣಿಗೆ ಬಿದ್ದದ್ದು ತೊಡೆಯ ಸಂದಿನ ಹತ್ತಿರ ಕೆಂಪಗೆ ಒರಟಾದ ಜಾಗ. ಬೆರಳಾಡಿಸಿದರೆ ಮರಳು ತಾಗಿದ ಹಾಗಿತ್ತು. ವೆಟ್ ಅದನ್ನು ಬಿಸಿಲಿನಿಂದಾದ ಚರ್ಮದ ಉರಿಯೂತ ಎಂದರು, ಶುರುವಿನ ಹಂತ.

ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಣ್ಣವಿಲ್ಲದ, ಕೂದಲು ಕಡಿಮೆಯಿರುವ ಚರ್ಮಕ್ಕೆ ವರ್ಷಗಟ್ಟಲೆ ಬಿಸಿಲು ಬಿದ್ದರೆ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಎನ್ನುವ ಕ್ಯಾನ್ಸರ್ ಆಗಬಹುದು. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಲಲ್ಲಿ ಮಲಗುವುದನ್ನು ನಿಲ್ಲಿಸಿದರು. ಹೊರಗೆ ಹೋಗಲೇಬೇಕಾದರೆ ಹೊಟ್ಟೆ ಮುಚ್ಚುವ ತೆಳು ಅಂಗಿ. ಅಂಗಾತ ಮಲಗದಿದ್ದರೂ ಹೊಟ್ಟೆಗೆ ಬಿಸಿಲು ತಾಗುತ್ತದೆ. ತಿಳಿಬಣ್ಣದ ಕಾಂಕ್ರೀಟ್, ಮರಳು, ನೀರು ಬೆಳಕನ್ನು ಕೆಳಗಿನಿಂದ ಹೊಡೆಯುತ್ತವೆ. ಮೂಗಿನ ಮೇಲಿನ ಗುಲಾಬಿ ಪಟ್ಟಿಗೆ, ಕಿವಿಯ ತುದಿಗೆ ನಾಯಿಗಳಿಗೆಂದೇ ಇರುವ ಸನ್‌ಸ್ಕ್ರೀನ್. ಮನುಷ್ಯರದ್ದನ್ನು ಹಚ್ಚಬಾರದು. ಅದರಲ್ಲಿ ಜಿಂಕ್ ಆಕ್ಸೈಡ್ ಅಥವಾ ಸ್ಯಾಲಿಸಿಲೇಟ್ ಇದ್ದರೆ ನೆಕ್ಕಿದ ನಾಯಿಗೆ ವಿಷ. ನೆಕ್ಕದ ನಾಯಿ ಎಲ್ಲಿದೆ?

ಬಿಳಿಯಿಂದ ಬರುವ ತೊಂದರೆ ಇಲ್ಲಿಗೆ ಮುಗಿಯಿತು. ಕಿವಿ, ಚರ್ಮ, ಅಷ್ಟೇ. ಮಿಕ್ಕ ಎಲ್ಲ ಎಚ್ಚರಿಕೆ ಬಾಕ್ಸರ್ ಆಗಿರುವುದಕ್ಕೆ, ಫಾನ್ ಮರಿ ತಂದಿದ್ದರೂ ಬೇಕಾಗುತ್ತಿತ್ತು. ಮೂತಿ ಗಿಡ್ಡ, ಏದುಸಿರಿನಿಂದ ಮೈ ತಣ್ಣಗೆ ಮಾಡಿಕೊಳ್ಳುವ ಶಕ್ತಿ ಕಡಿಮೆ. ಮೂರು ವರ್ಷದವರೆಗೆ ಮರಿಬುದ್ಧಿ, ಆಟ ನಿಲ್ಲಿಸು ಅಂತ ಅದಕ್ಕೇ ತಿಳಿಯುವುದಿಲ್ಲ. ಸೆಕೆಯಲ್ಲಿ ಆಟ ನಿಲ್ಲಿಸಬೇಕಾದವರು ನಾವು. ಒಮ್ಮೆ ಚೆಂಡಾಟದ ನಡುವೆ ಚುಕ್ಕಿಯ ನಾಲಗೆ ಅಗಲವಾಗಿ ಕಡುಕೆಂಪಾಗಿ, ಉಸಿರು ಗೊರಗೊರ ಅನ್ನತೊಡಗಿತು. ಅಮ್ಮ ನೆರಳಿಗೆ ಕರೆದೊಯ್ದು ಮೈಗೆ ತಣ್ಣೀರು ಸುರಿದು ಫ್ಯಾನ್ ಹಾಕಿದರು, ವೆಟ್‌ಗೆ ಫೋನ್ ಮಾಡಿದರು. ಉಳಿದಳು. ನನ್ನ ಪ್ರಕಾರ ಅವಳ ಬದುಕಿನಲ್ಲಿ ಇದುವರೆಗೆ ಬಂದ ನಿಜವಾದ ಗಂಡಾಂತರ ಅದೊಂದೇ. ಅದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ.

ಎರಡು ವರ್ಷ ತುಂಬುವ ಹೊತ್ತಿಗೆ ಮುಂಗಾಲಿನ ಮೇಲೆ ಕೆಂಪು ಗುಂಡಿಯಂಥ ಗಂಟು ಎದ್ದಿತು. ಬಾಕ್ಸರ್‌ಗಳಲ್ಲಿ ಮಾಸ್ಟ್ ಸೆಲ್ ಗಡ್ಡೆ ಎನ್ನುವ ಚರ್ಮದ ಕ್ಯಾನ್ಸರ್ ಜಾಸ್ತಿ, ಹಾಗಾಗಿ ಯಾವ ಗಂಟನ್ನೂ ನೋಡೋಣ ಅಂತ ಬಿಡಬಾರದು. ಸೂಜಿ ಹಾಕಿ ಕೋಶ ತೆಗೆದು ನೋಡಿದರೆ ಹಿಸ್ಟಿಯೋಸೈಟೋಮಾ, ಎಳೆಯ ನಾಯಿಗಳಲ್ಲಿ ಬಂದು ತಾನಾಗಿ ಹೋಗುವಂಥದ್ದು. ಎರಡು ತಿಂಗಳಲ್ಲಿ ಹೋಯಿತು. ಬಿಳಿ ಕೂದಲಿನಿಂದ ಒಂದು ಅನುಕೂಲವೂ ಇದೆ ಅಂದರು ಅಜ್ಜಿ. ಗಂಟು, ಉಣ್ಣಿ, ಗಾಯ ಏನಿದ್ದರೂ ಕೂಡಲೇ ಕಾಣುತ್ತದೆ. ಹೃದಯಕ್ಕೆ ವರ್ಷಕ್ಕೊಮ್ಮೆ ಹೋಲ್ಟರ್, ಅಂದರೆ ಒಂದು ಹಗಲು ಒಂದು ರಾತ್ರಿ ಪೂರ್ತಿ ಎದೆಬಡಿತ ದಾಖಲಿಸುವ ಯಂತ್ರ. ಬಾಕ್ಸರ್‌ಗಳ ಹೃದಯದ ಸ್ನಾಯುವಿನ ಒಂದು ಕಾಯಿಲೆ ಏನೂ ಲಕ್ಷಣ ತೋರಿಸದೆ ಒಮ್ಮೆಲೇ ಕುಸಿದು ಬೀಳಿಸಬಲ್ಲದು. ಬಡಿತ ತಪ್ಪುವುದು ಮೊದಲೇ ಗೊತ್ತಾದರೆ ಔಷಧಿ ಇದೆ.

ಮರಿ ಮಾಡಿಸುವ ಮಾತು

ಎಲ್ಲ ಸರಿಹೋದ ಮೇಲೆ ಅಪ್ಪನಿಗೆ ಒಂದು ಆಸೆ ಹುಟ್ಟಿತು. ಚುಕ್ಕಿಯದ್ದೊಂದು ಮರಿ ಇಟ್ಟುಕೊಳ್ಳಬೇಕು ಅಂತ. ಯಾರೋ ಹೇಳಿದ್ದರಂತೆ, ಬಿಳಿ ಬಾಕ್ಸರ್‌ಗೆ ಬಿಳಿಯೇ ಇಲ್ಲದ ಬಣ್ಣದ ಬಾಕ್ಸರ್ ಕೂಡಿಸಿದರೆ ಒಂದೂ ಬಿಳಿ ಮರಿ ಹುಟ್ಟುವುದಿಲ್ಲ, ಎಲ್ಲವೂ ಫ್ಲ್ಯಾಶಿ. ಜೀನ್ ಲೆಕ್ಕದಲ್ಲಿ ಈ ಮಾತು ಸರಿ. ಚುಕ್ಕಿ ಪ್ರತಿ ಮರಿಗೂ ಬಿಳಿಯ ಒಂದು ಪ್ರತಿ ಕೊಡುತ್ತಾಳೆ, ತಂದೆ ಕೊಡುವುದಿಲ್ಲ. ಆದರೂ ಬೇಡ ಅಂದೆ. ಕಿವುಡುತನ ವಂಶದಲ್ಲಿ ಬರುವಂಥದ್ದು. ಒಂದು ಕಿವಿ ಕೇಳದ ನಾಯಿ ಮನೆಯಲ್ಲಿ ಆರಾಮಾಗಿ ಬಾಳಬಹುದು, ಆದರೆ ತಳಿಗೆ ಬಳಸಬಾರದು. ಹುಟ್ಟುವ ಫ್ಲ್ಯಾಶಿ ಮರಿಗಳೆಲ್ಲ ಬಿಳಿಯ ಪ್ರತಿ ಹೊತ್ತು ಬೇರೆ ಬೇರೆ ಮನೆಗೆ ಹೋಗುತ್ತವೆ. ಅಲ್ಲಿ ಇನ್ನೊಂದು ಫ್ಲ್ಯಾಶಿ ಜೊತೆ ಕೂಡಿದರೆ ಮತ್ತೆ ಇದೇ ಕತೆ, ಅಲ್ವಾ? ಅಪ್ಪ ಒಪ್ಪಿದರು. ಸಂತಾನಹರಣದ ಆಪರೇಷನ್ ಆಯಿತು. ಕೆಲವು ಬಾಕ್ಸರ್‌ಗಳಿಗೆ ಏಸ್‌ಪ್ರೊಮಜಿನ್ ಎಂಬ ಮತ್ತಿನ ಔಷಧಿಗೆ ರಕ್ತದೊತ್ತಡ ಇಳಿದು ಕುಸಿಯುವ ಸ್ವಭಾವವಿದೆ, ವೆಟ್ ಅದನ್ನು ಬಿಟ್ಟು ಬೇರೆಯದನ್ನು ಬಳಸಿದರು.

ಚುಕ್ಕಿಯ ಬೇರ್ ವರದಿಯನ್ನು ಮನೆಯವರು ಬ್ರೀಡರ್‌ಗೂ ಕಳಿಸಿದ್ದರು, ಜಗಳಕ್ಕಲ್ಲ, ತಿಳಿದಿರಲಿ ಅಂತ. ಬಹಳ ದಿನ ಉತ್ತರ ಬರಲಿಲ್ಲ. ಆಮೇಲೆ ಅದೇ ಸೂಲಿನ ಇನ್ನೊಂದು ಬಿಳಿ ಮರಿ ಕೊಂಡವರ ನಂಬರ್ ಕೊಟ್ಟರು. ಅದು ಗಂಡು, ಮೈಮೇಲೆ ಒಂದೂ ಮಚ್ಚೆಯಿಲ್ಲ, ಮೂಗಿನ ಅರ್ಧ ಗುಲಾಬಿ. ಅವರೂ ಪರೀಕ್ಷೆ ಮಾಡಿಸಿದರು. ಅವನಿಗೆ ಎರಡೂ ಕಿವಿ ಚೆನ್ನಾಗಿ ಕೇಳುತ್ತವೆ.